ಗ್ರೆಚ್ಚಿಯೊ ಗುಡ್ಡದ ಗೋದಲಿ

ಕ್ರಿಸ್ತಜಯಂತಿ ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಸಡಗರಕ್ಕೆ ಕೊನೆಯಿಲ್ಲ. ಗೋಡೆಗಳಿಗೆ ಸುಣ್ಣ ಬಳಿಯಬೇಕು, ಮಕ್ಕಳಿಗೆ ಹೊಸ ಬಟ್ಟೆ ಹೊಲಿಸಬೇಕು, ಕಜ್ಜಾಯ ಕರ್ಜಿಕಾಯಿಗಳಿಗೆ ಹಿಟ್ಟು ಸಿದ್ಧವಾಗಬೇಕು, ಪರಸ್ಥಳದಿಂದ ಬರುವ ನೆಂಟರಿಷ್ಟರಿಗೆ ಹಾಸಿಗೆ ಹೊದಿಕೆ ಒದಗಿಸಬೇಕು. ಈ ಗಡಿಬಿಡಿಯ ನಡುವೆ ಮನೆಯ ಕಿರಿಯರು ಮೂಲೆಯೊಂದನ್ನು ಹಿಡಿದು ಗೋದಲಿ ಕಟ್ಟಲು ಕುಳಿತಿರುತ್ತಾರೆ. ತಟ್ಟೆಯಲ್ಲಿ ಮೊಳೆಯಿಸಿದ ಎಳೆಯ ಪೈರು, ಬಣ್ಣ ಬಳಿದ ಕಾಗದದ ಬೆಟ್ಟ, ಕಳೆದ ವರ್ಷ ಕಿವಿ ಮುರಿದುಕೊಂಡ ಮಣ್ಣಿನ ಕತ್ತೆ, ಎಲ್ಲವೂ ಅಲ್ಲಿ ಬಂದು ಸೇರುತ್ತವೆ. ನೋಡುವವರಿಗೆ ಅದು ಹಬ್ಬದ ಅಲಂಕಾರಗಳಲ್ಲಿ ಒಂದು. ಆದರೆ ಈ ಪದ್ಧತಿಯನ್ನು ಲೋಕಕ್ಕೆಲ್ಲ ಹರಡಿದ ಮಹಾತ್ಮರು ಅದನ್ನು ಅಲಂಕಾರವೆಂದು ಎಣಿಸಿರಲಿಲ್ಲ. ಅವರೇ ಅಸ್ಸಿಸಿಯ ಸಂತ ಫ್ರಾನ್ಸಿಸರು. ಶತಮಾನವನ್ನು ಪೂರೈಸಿರುವ ನಮ್ಮ ದೇವಾಲಯದಲ್ಲಿ ವರ್ಷವರ್ಷವೂ ಗೋದಲಿಯ ಮುಂದೆ ಮೊಣಕಾಲೂರಿದ ನಾವು ಅವರ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಸ್ಮರಿಸುವುದು ಉಚಿತವಾಗಿದೆ.

ಇಟಲಿ ದೇಶದ ಉಂಬ್ರಿಯ ಪ್ರಾಂತ್ಯದ ಅಸ್ಸಿಸಿ ಪಟ್ಟಣದಲ್ಲಿ 1181 ಅಥವಾ 1182ರಲ್ಲಿ ಅವರ ಜನನವಾಯಿತು. ತಂದೆ ಪಿಯೆತ್ರೊ ಬೆರ್ನಾರ್ದೊನೆ ಹೆಸರಾಂತ ಬಟ್ಟೆ ವ್ಯಾಪಾರಿ. ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಜೊವಾನ್ನಿ ಎಂದಿದ್ದರೂ ಫ್ರಾನ್ಸಿಸ್ ಎಂಬ ಹೆಸರೇ ಬಳಕೆಗೆ ಬಂದಿತು. ಯೌವನದಲ್ಲಿ ಹಾಡು, ಗೆಳೆಯರು, ಔತಣಗಳು ಎಂದರೆ ಅವರಿಗೆ ಪ್ರಾಣ. ಹಬ್ಬವನ್ನು ಆಚರಿಸಲು ಅರಿಯದ ಒಣ ವಿರಾಗಿ ಅವರಾಗಿರಲಿಲ್ಲ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಹೇಳಲಿರುವ ಸಂಗತಿಗಳಿಗೆ ಇದು ಅವಶ್ಯ. 1202ರಲ್ಲಿ ಅಸ್ಸಿಸಿಗೂ ಪೆರೂಜ ನಗರಕ್ಕೂ ನಡೆದ ಕಾಳಗದಲ್ಲಿ ಸೆರೆಸಿಕ್ಕಿ, ಸುಮಾರು ಒಂದು ವರ್ಷ ಬಂದೀಖಾನೆಯಲ್ಲಿದ್ದು, ಬಳಿಕ ದೀರ್ಘಕಾಲ ಅಸ್ವಸ್ಥರಾಗಿ ಮಲಗಿದರು. ಅಲ್ಲಿಂದ ಅವರ ಮನಸ್ಸು ತಿರುಗಿತು. ಕುಷ್ಠರೋಗಿಗಳನ್ನು ಕಂಡರೆ ಮುಖ ತಿರುಗಿಸುತ್ತಿದ್ದವರು ಅವರನ್ನೇ ಅಪ್ಪಿಕೊಂಡರು. ಕುಪಿತರಾದ ತಂದೆ ಧರ್ಮಾಧ್ಯಕ್ಷರ ಮುಂದೆ ದೂರು ಒಯ್ದಾಗ, ಮೈಮೇಲಿನ ಬಟ್ಟೆಯನ್ನೂ ಕಳಚಿ ತಂದೆಗೆ ಒಪ್ಪಿಸಿ, ಬರಿಗೈಯಲ್ಲಿ ಹೊರನಡೆದರು. 1209ರಲ್ಲಿ ಮೂರನೆಯ ಇನ್ನೊಸೆಂಟ್ ಜಗದ್ಗುರುಗಳು ಆ ಚಿಕ್ಕ ತಂಡಕ್ಕೆ ಬಾಯಿಮಾತಿನ ಅನುಮತಿಯನ್ನಿತ್ತರು. 1212ರಲ್ಲಿ ಸಂತ ಕ್ಲಾರಮ್ಮನವರು ಅದೇ ಬಡತನದ ಹಾದಿಯನ್ನು ಹಿಡಿದರು. ಇವೆಲ್ಲ ನಮ್ಮವರಿಗೆ ಪರಿಚಿತವಾದ ಸಂಗತಿಗಳಾದ್ದರಿಂದ ವಿಸ್ತರಿಸುವುದಿಲ್ಲ.

ನಾವು ನಿಲ್ಲಬೇಕಾದುದು 1223ನೆಯ ವರ್ಷದಲ್ಲಿ. ಆ ವೇಳೆಗೆ ಫ್ರಾನ್ಸಿಸರಿಗೆ ನಲವತ್ತು ದಾಟಿತ್ತು; ದೇಹ ಮಾತ್ರ ಮುದುಕರ ದೇಹದಂತಾಗಿತ್ತು. 1219ರಲ್ಲಿ ಈಜಿಪ್ಟಿಗೆ ತೆರಳಿ, ದಮಿಯೆತ್ತಾ ಪಟ್ಟಣದ ಮುತ್ತಿಗೆ ನಡೆಯುತ್ತಿರುವಾಗಲೇ ಆಯುಧವಿಲ್ಲದೆ ಸುಲ್ತಾನ ಅಲ್-ಕಾಮಿಲನನ್ನು ಕಂಡು ಬಂದಿದ್ದರು. ಆ ಪ್ರಯಾಣದಿಂದ ಹಿಂದಿರುಗುವಾಗ ಕಣ್ಣುಬೇನೆಯನ್ನೂ ಹೊತ್ತು ತಂದರು. ಹನ್ನೆರಡು ಮಂದಿಯಿಂದ ಆರಂಭವಾದ ಸಭೆ ಈಗ ಸಾವಿರಾರು ಸಹೋದರರ ಸಭೆಯಾಗಿತ್ತು. ಜನ ಹೆಚ್ಚಿದಂತೆ ಅಭಿಪ್ರಾಯಗಳೂ ಹೆಚ್ಚಿದವು. ಪೂರ್ಣ ಬಡತನ ಸಾಧ್ಯವೇ, ಮಠಗಳು ಬೇಡವೇ, ಗ್ರಂಥಗಳು ಬೇಡವೇ ಎಂಬ ಚರ್ಚೆಗಳು ಎದ್ದವು. 1220ರಲ್ಲಿಯೇ ಅವರು ಸಭೆಯ ಆಡಳಿತವನ್ನು ಬಿಟ್ಟುಕೊಟ್ಟಿದ್ದರು. ನಿಯಮಾವಳಿಯನ್ನು ತಿದ್ದಿ ಮತ್ತೆ ಬರೆದು, 1223ರ ನವೆಂಬರ್ 29ರಂದು ಮೂರನೆಯ ಹೊನೊರಿಯಸ್ ಜಗದ್ಗುರುಗಳಿಂದ ಅದಕ್ಕೆ ಮುದ್ರೆ ದೊರೆಯಿತು. ಕಾಗದಪತ್ರಗಳ ಕೆಲಸವೆಲ್ಲ ಮುಗಿದಾಗ ಹಬ್ಬಕ್ಕೆ ಒಂದು ತಿಂಗಳೂ ಉಳಿದಿರಲಿಲ್ಲ.

ಆಗ ಅವರ ಮನಸ್ಸು ಹರಿದದ್ದು ರಿಯೇತಿ ಕಣಿವೆಯ ಗ್ರೆಚ್ಚಿಯೊ ಎಂಬ ಗುಡ್ಡದೂರಿನ ಕಡೆಗೆ. ಅಲ್ಲಿನ ಬಂಡೆಗಳ ನಡುವೆ ಸಹೋದರರ ಒಂದು ಬಡ ತಪೋಕುಟೀರವಿತ್ತು. ಆ ಊರಿನ ಗಣ್ಯರಾದ ಜೊವಾನ್ನಿ ವೆಲಿತಾ ಎಂಬವರು ಅವರ ಆಪ್ತರು. ಹಬ್ಬಕ್ಕೆ ಸುಮಾರು ಹದಿನೈದು ದಿನಗಳ ಮುಂಚೆ ಫ್ರಾನ್ಸಿಸರು ಅವರಿಗೆ ಹೇಳಿಕಳುಹಿಸಿದ ಸಿದ್ಧತೆಯ ಪಟ್ಟಿ ಬಹು ಚಿಕ್ಕದು: ಒಂದು ಗೋದಲಿ, ಒಂದಿಷ್ಟು ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ. ದೇವಕುಮಾರನು ಶಿಶುವಾಗಿ ಬಂದಾಗ ಅನುಭವಿಸಿದ ಇಲ್ಲದಿಕೆಯನ್ನು ತಾವು ಬರಿಯ ಧ್ಯಾನದಲ್ಲಲ್ಲ, ದೇಹದ ಕಣ್ಣುಗಳಿಂದಲೇ ಕಾಣಬೇಕೆಂಬುದು ಅವರ ಹಂಬಲವಾಗಿತ್ತು. ಕಣ್ಣು ಮಂಜಾಗುತ್ತಿರುವ ಮನುಷ್ಯನೊಬ್ಬನು ಕಣ್ಣಾರೆ ನೋಡಬೇಕೆಂದು ಬಯಸಿದ್ದು ಇದನ್ನು! ಹೊಸತನದ ಆರೋಪ ಬಾರದಿರಲೆಂದು ಅವರು ಜಗದ್ಗುರುಗಳ ಅಪ್ಪಣೆಯನ್ನು ಮೊದಲೇ ಪಡೆದಿದ್ದರೆಂದು ಸಂತ ಬೊನವೆಂತೂರರು ಬರೆದಿದ್ದಾರೆ.

ಡಿಸೆಂಬರ್ 24ರ ರಾತ್ರಿ ಸುತ್ತಲಿನ ಊರುಗಳ ಗಂಡಸರು ಹೆಂಗಸರು ಮೇಣದ ಬತ್ತಿಗಳನ್ನೂ ಪಂಜುಗಳನ್ನೂ ಹಿಡಿದು ಗುಡ್ಡವನ್ನೇರಿದರು. ಬೇರೆ ಬೇರೆ ಕುಟೀರಗಳಿಂದ ಸಹೋದರರೂ ಬಂದು ಕೂಡಿದರು. ಕಾಡೆಲ್ಲ ಬೆಳಕಾಯಿತು, ಹಾಡಿಗೆ ಬಂಡೆಗಳು ಪ್ರತಿಧ್ವನಿಗೊಟ್ಟವು. ಆ ಗೋದಲಿಯಲ್ಲಿ ಏನಿತ್ತು ಎಂಬುದಕ್ಕಿಂತ ಏನಿರಲಿಲ್ಲ ಎಂಬುದನ್ನು ಗಮನಿಸಬೇಕು. ಫ್ರಾನ್ಸಿಸರ ಮೊದಲ ಚರಿತ್ರಕಾರರಾದ ಚೆಲಾನೊದ ತೋಮಸರು ಆ ರಾತ್ರಿಯ ವಿವರಗಳನ್ನು ಕೆಲವೇ ವರ್ಷಗಳ ತರುವಾಯ ಬರೆದಿಟ್ಟಿದ್ದಾರೆ. ಅವರ ಬರಹದಲ್ಲಿ ಮರಿಯಮ್ಮನವರ ಪ್ರತಿಮೆಯಿಲ್ಲ, ಜೋಸೆಫರ ಪ್ರತಿಮೆಯಿಲ್ಲ, ಬಾಲಯೇಸುವಿನ ಬೊಂಬೆಯೂ ಇಲ್ಲ. ಹುಲ್ಲು ತುಂಬಿದ ಗೋದಲಿ ಬರಿದಾಗಿತ್ತು. ಆ ಗೋದಲಿಯ ಮೇಲೆಯೇ ಗುರುಗಳೊಬ್ಬರು ದಿವ್ಯ ಬಲಿಪೂಜೆಯನ್ನರ್ಪಿಸಿದರು. ಬೆತ್ಲೆಹೇಮಿನಲ್ಲಿ ಹುಲ್ಲಿನ ಮೇಲೆ ಮಲಗಿದ ಪ್ರಭು ಈ ರಾತ್ರಿ ಬರುವುದು ರೊಟ್ಟಿಯ ರೂಪದಲ್ಲಿ ಎಂಬುದೇ ಅಲ್ಲಿ ನೆರೆದವರ ವಿಶ್ವಾಸ. ದನ ಮೇಯುವ ತಾಣಕ್ಕೆ ನಮ್ಮ ರೈತರು ಗೋದಲಿ ಎನ್ನುತ್ತಾರಷ್ಟೆ; ಜೀವಿಗಳಿಗೆ ಆಹಾರವಿಡುವ ಸ್ಥಳ ಅದು. ಫ್ರಾನ್ಸಿಸರು ಆ ಅರ್ಥವನ್ನು ಬಲ್ಲವರಾಗಿದ್ದರು.

ಅವರು ಗುರುಗಳಾಗಿರಲಿಲ್ಲ, ಗುರುಪಟ್ಟಕ್ಕೆ ಒಂದು ಮೆಟ್ಟಿಲು ಕೆಳಗಿನ ಡೀಕನ್ ಪಟ್ಟದಲ್ಲಿಯೇ ಕೊನೆಯವರೆಗೂ ಉಳಿದರು. ಆ ಪಟ್ಟಕ್ಕೆ ತಕ್ಕ ಉಡುಪನ್ನು ಧರಿಸಿ, ಇಂಪಾದ ಕಂಠದಿಂದ ಶುಭಸಂದೇಶವನ್ನು ಹಾಡಿದರು. ಅನಂತರ ಬಡ ಅರಸನ ಜನನವನ್ನು ಕುರಿತು ಪ್ರಬೋಧಿಸಿದರು. ಬೆತ್ಲೆಹೇಮ್ ಎಂಬ ಹೆಸರನ್ನು ಕುರಿಮರಿ ಕೂಗಿದಂತೆ ಎಳೆದು ಉಚ್ಚರಿಸುತ್ತಿದ್ದರಂತೆ. ಯೇಸುವಿನ ನಾಮವನ್ನು ನುಡಿದಾಗ ಸಿಹಿಯನ್ನು ಸವಿದವರಂತೆ ತುಟಿಯನ್ನು ನಾಲಗೆಯಿಂದ ಸವರಿಕೊಳ್ಳುತ್ತಿದ್ದರಂತೆ. ಗಂಭೀರರಾದ ಪ್ರಬೋಧಕರಿಗೆ ಇದು ಸರಿಕಾಣಲಿಕ್ಕಿಲ್ಲ. ಆದರೆ ಆ ರಾತ್ರಿ ಯಾರೂ ನಕ್ಕ ವರದಿಯಿಲ್ಲ. ನೆರೆದವರಲ್ಲಿ ಸದ್ಗುಣಿಯೊಬ್ಬರಿಗೆ ಒಂದು ದರ್ಶನವಾಯಿತು: ಗೋದಲಿಯಲ್ಲಿ ಶಿಶುವೊಂದು ನಿಶ್ಚಲವಾಗಿ ಮಲಗಿತ್ತು, ಫ್ರಾನ್ಸಿಸರು ಸಮೀಪಿಸಿ ಅದನ್ನು ಗಾಢ ನಿದ್ರೆಯಿಂದ ಎಬ್ಬಿಸಿದರು. ಇದನ್ನು ವಿವರಿಸುತ್ತ ತೋಮಸರು, ಅನೇಕರ ಹೃದಯಗಳಲ್ಲಿ ಮರೆತುಹೋಗಿದ್ದ ಬಾಲಯೇಸು ತನ್ನ ಸೇವಕನ ಮೂಲಕ ಮತ್ತೆ ಎಚ್ಚರಗೊಂಡನೆಂಬ ಅರ್ಥವನ್ನು ಕಾಣುತ್ತಾರೆ. ಮರೆತವರು ಅನ್ಯರಲ್ಲ, ಪ್ರತಿವರ್ಷವೂ ಹಬ್ಬ ಮಾಡುತ್ತಿದ್ದ ಕ್ರೈಸ್ತರೇ.

ಅದೇ ಗ್ರೆಚ್ಚಿಯೊ ಕುಟೀರದ ಇನ್ನೊಂದು ಪ್ರಸಂಗ ನಮ್ಮನ್ನು ಸ್ವಲ್ಪ ಚುಚ್ಚುತ್ತದೆ. ಒಂದು ಹಬ್ಬದ ದಿನ ಸಹೋದರರು ಎಂದಿನಂತೆ ನೆಲದ ಮೇಲೆ ಊಟಕ್ಕೆ ಕೂರದೆ, ಎತ್ತರದ ಮೇಜನ್ನಿಟ್ಟು, ಬಿಳಿಯ ವಸ್ತ್ರವನ್ನು ಹಾಸಿ, ಗಾಜಿನ ಲೋಟಗಳನ್ನು ಜೋಡಿಸಿದರು. ಒಂದು ಬರಹದ ಪ್ರಕಾರ ಅದು ಪಾಸ್ಕ ಹಬ್ಬ, ಇನ್ನೊಂದರ ಪ್ರಕಾರ ಕ್ರಿಸ್ತಜಯಂತಿ. ಸಭೆಯ ಅಧಿಕಾರಿಯೊಬ್ಬರು ಅತಿಥಿಯಾಗಿ ಬಂದಿದ್ದರೆಂದೂ ಆ ಎರಡನೆಯ ಬರಹ ಹೇಳುತ್ತದೆ. ಫ್ರಾನ್ಸಿಸರು ಇದನ್ನು ಕಂಡು ಏನೂ ನುಡಿಯಲಿಲ್ಲ. ಮೆಲ್ಲನೆ ಹೊರಗೆ ಹೋಗಿ, ಅಂದು ಬಂದಿದ್ದ ಭಿಕ್ಷುಕನೊಬ್ಬನ ಟೋಪಿಯನ್ನು ತಲೆಗಿಟ್ಟು, ಕೋಲನ್ನು ಹಿಡಿದು, ಊಟ ಆರಂಭವಾದ ಮೇಲೆ ಬಾಗಿಲಲ್ಲಿ ನಿಂತು, ದೇವರ ಹೆಸರಿನಲ್ಲಿ ರೋಗಿಯಾದ ಬಡ ಯಾತ್ರಿಕನಿಗೆ ಭಿಕ್ಷೆ ನೀಡಬೇಕೆಂದು ಬೇಡಿದರು. ಸಹೋದರರು ಗುರುತಿಸಿ ಒಳಗೆ ಕರೆದರು, ಬಟ್ಟಲಲ್ಲಿ ಊಟವನ್ನಿಟ್ಟರು. ಅವರು ಅದನ್ನು ಒಯ್ದು ಬೆಂಕಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಉಣ್ಣತೊಡಗಿದರು. ಮೇಜಿನ ಸುತ್ತ ಕುಳಿತವರಿಗೆ ತುತ್ತು ಇಳಿಯಲಿಲ್ಲ. ಅವರ ತಪ್ಪಾದರೂ ಏನು? ಹಬ್ಬದ ದಿನ ಅತಿಥಿಗೆ ಮರ್ಯಾದೆ ಮಾಡಿದ್ದೇ? ಈ ಪ್ರಶ್ನೆ ನನ್ನನ್ನೂ ಕಾಡಿದ್ದುಂಟು. ಉತ್ತರ ಬಾಗಿಲಲ್ಲಿ ನಿಂತಿತ್ತು ಎನಿಸುತ್ತದೆ: ನಿಜವಾದ ಭಿಕ್ಷುಕನೊಬ್ಬನು ಅಂದು ಅಲ್ಲಿಗೆ ಬಂದಿದ್ದನು, ಮೇಜಿನ ಬಳಿ ಅವನಿಗೆ ಸ್ಥಳವಿರಲಿಲ್ಲ.

ಹೀಗೆಂದು ಹಬ್ಬದೂಟವೇ ಅವರಿಗೆ ಒಗ್ಗದೆಂದು ಭಾವಿಸಬಾರದು. ಹಬ್ಬಗಳಿಗೆಲ್ಲ ಕ್ರಿಸ್ತಜಯಂತಿಯೇ ಹಿರಿಯದೆಂದು ಅವರ ಎಣಿಕೆ. ಒಮ್ಮೆ ಕ್ರಿಸ್ತಜಯಂತಿ ಶುಕ್ರವಾರದಂದು ಬಿದ್ದಾಗ, ಮಾಂಸವನ್ನು ವರ್ಜಿಸಬೇಕೋ ಎಂಬ ಪ್ರಶ್ನೆ ಬಂದಿತು. ಶಿಶುವು ನಮಗಾಗಿ ಜನಿಸಿದ ದಿನವನ್ನು ಶುಕ್ರವಾರವೆಂದು ಕರೆಯುವುದೇ ತಪ್ಪೆಂದು ಅವರು ಗದರಿ, ಸಾಧ್ಯವಾದರೆ ಗೋಡೆಗಳಿಗೂ ಮಾಂಸವನ್ನು ತಿನ್ನಿಸಬೇಕು, ಇಲ್ಲವಾದರೆ ಸವರಲಾದರೂ ಬೇಕೆಂದರು. ಚಕ್ರವರ್ತಿಯನ್ನು ಕಂಡು ಒಂದು ರಾಜಾಜ್ಞೆಯನ್ನು ಬೇಡಿಕೊಳ್ಳಬೇಕೆಂಬ ಆಸೆಯೂ ಅವರಿಗಿತ್ತು: ಆ ದಿನ ಉಳ್ಳವರು ದಾರಿಗಳಲ್ಲಿ ಧಾನ್ಯವನ್ನು ಚೆಲ್ಲಬೇಕು, ಹಕ್ಕಿಗಳು, ಅದರಲ್ಲಿಯೂ ಬಾನಾಡಿಗಳು, ಹೊಟ್ಟೆತುಂಬ ತಿನ್ನಬೇಕು; ಎತ್ತು ಕತ್ತೆಗಳಿಗೆ ಎಂದಿಗಿಂತ ಹೆಚ್ಚು ಮೇವು ಸಿಗಬೇಕು; ಬಡವರು ಸಿರಿವಂತರ ಮನೆಗಳಲ್ಲಿ ತೃಪ್ತಿಯಾಗಿ ಉಣ್ಣಬೇಕು. ಆದರೆ ಮತ್ತೊಂದು ದಿನ ಊಟದ ನಡುವೆ ಸಹೋದರನೊಬ್ಬನು ಕನ್ಯಾಮಾತೆಯ ಅಂದಿನ ಬಡತನವನ್ನು ನೆನೆಸಿದಾಗ, ಅವರು ಬಿಕ್ಕುತ್ತ ಎದ್ದು, ಉಳಿದ ರೊಟ್ಟಿಯನ್ನು ಬರಿನೆಲದ ಮೇಲೆ ಕುಳಿತು ತಿಂದರು. ನಗೆ ಮತ್ತು ಕಣ್ಣೀರು ಅವರಿಗೆ ಒಂದೇ ಹಬ್ಬದ ಎರಡು ತುತ್ತುಗಳಾಗಿದ್ದವು.

ಗ್ರೆಚ್ಚಿಯೊದ ತರುವಾಯ ಅವರು ಹೆಚ್ಚು ಕಾಲ ಬದುಕಲಿಲ್ಲ. 1224ರ ಸೆಪ್ಟೆಂಬರಿನಲ್ಲಿ ಲಾ ವೆರ್ನಾ ಬೆಟ್ಟದ ಮೇಲೆ ಪ್ರಭುವಿನ ಪಂಚಗಾಯಗಳ ಗುರುತು ಅವರ ದೇಹದಲ್ಲಿ ಮೂಡಿತು. ಕಣ್ಣುಬೇನೆಗೆಂದು ವೈದ್ಯರು ಕಾದ ಕಬ್ಬಿಣದಿಂದ ಬರೆಯೆಳೆದರೂ ಗುಣವಾಗಲಿಲ್ಲ; ಬೆಳಕನ್ನು ಕಂಡರೆ ನೋವೆನಿಸುವ ಸ್ಥಿತಿಯಲ್ಲಿಯೇ 1225ರಲ್ಲಿ ಸೂರ್ಯನನ್ನು ಸಹೋದರನೆಂದು ಕರೆಯುವ ಗೀತೆಯನ್ನು ರಚಿಸಿದರು. 1226ರ ಅಕ್ಟೋಬರ್ 3ರ ಸಂಜೆ, ಅಸ್ಸಿಸಿಯ ಕೆಳಗಿನ ಪೊರ್ಸಿಯುಂಕುಲಾದಲ್ಲಿ, ತಮ್ಮಿಷ್ಟದಂತೆ ಬರಿನೆಲದ ಮೇಲೆ ಮಲಗಿ ಪ್ರಭುವನ್ನು ಸೇರಿದರು. 1228ರ ಜುಲೈ 16ರಂದು ಒಂಬತ್ತನೆಯ ಗ್ರೆಗೊರಿ ಜಗದ್ಗುರುಗಳು ಅವರನ್ನು ಸಂತರೆಂದು ಘೋಷಿಸಿದರು.

ಕೆತ್ತಿದ ಪ್ರತಿಮೆಗಳ ಗೋದಲಿ ಬಂದದ್ದು ಅನಂತರ. 1291ರ ಸುಮಾರಿಗೆ ಅರ್ನೊಲ್ಫೊ ದಿ ಕಾಂಬಿಯೊ ಎಂಬ ಶಿಲ್ಪಿ ಕಲ್ಲಿನಲ್ಲಿ ಕಡೆದ ಮೂರ್ತಿಗಳು ರೋಮಿನ ಮಹಾಮಾತೆ ಮರಿಯಮ್ಮನವರ ಬಸಿಲಿಕದಲ್ಲಿ ಇಂದಿಗೂ ಇವೆ. ಗ್ರೆಚ್ಚಿಯೊದಲ್ಲಿ ಆ ಮೊದಲ ಗೋದಲಿ ಇದ್ದ ಸ್ಥಳದ ಮೇಲೆಯೇ ಬಲಿಪೀಠವನ್ನು ಕಟ್ಟಲಾಯಿತು. 2019ರ ಡಿಸೆಂಬರ್ 1ರಂದು, ಅದೇ ಸಂತರ ಹೆಸರನ್ನು ತಳೆದಿದ್ದ ಜಗದ್ಗುರು ಫ್ರಾನ್ಸಿಸರು ಅಲ್ಲಿಗೆ ಹೋಗಿ ಗೋದಲಿಯನ್ನು ಕುರಿತ ತಮ್ಮ ಪತ್ರಕ್ಕೆ ಸಹಿಹಾಕಿದರು.

1223ರ ಆ ರಾತ್ರಿ ಬಲಿಪೂಜೆ ಮುಗಿದ ಮೇಲೆ ಜನರು ಹರ್ಷದಿಂದ ಗುಡ್ಡವಿಳಿದರು. ಉಳಿದ ಹುಲ್ಲನ್ನು ಜೋಪಾನವಾಗಿ ತೆಗೆದಿಟ್ಟರು. ಬಳಿಕ ಸುತ್ತಲಿನ ಹಳ್ಳಿಗಳಲ್ಲಿ ದನಕರುಗಳಿಗೆ ಜಾಡ್ಯ ತಗುಲಿದಾಗ ಅದರಲ್ಲಿ ಒಂದು ಹಿಡಿಯನ್ನು ತಿನ್ನಿಸಿದರೆಂದೂ ಅವು ಗುಣವಾದವೆಂದೂ, ಹೆರಿಗೆಯ ಬೇನೆಯಲ್ಲಿದ್ದ ಹೆಣ್ಣುಮಕ್ಕಳ ಮೈಮೇಲೆ ಅದನ್ನಿಟ್ಟಾಗ ಸುಖಪ್ರಸವವಾಯಿತೆಂದೂ ತೋಮಸರು ಬರೆದಿದ್ದಾರೆ.