ಹಿಟ್ಟು ಉಬ್ಬಿಸುವುದು ಯಾರು? ಲೂಯಿ ಪಾಶ್ಚರ್ ಕಂಡುಕೊಂಡ ಉತ್ತರ

ಮುಳಬಾಗಿಲು ದೋಸೆಯ ರುಚಿ ಬಲ್ಲವರಿಗೆ ಅದರ ಗುಟ್ಟು ಹಿಟ್ಟಿನಲ್ಲಿದೆ ಎನ್ನುವುದು ಗೊತ್ತು. ಸಂಜೆ ರುಬ್ಬಿಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ಪಾತ್ರೆಯ ಮುಚ್ಚಳ ಎತ್ತುವಷ್ಟು ಉಬ್ಬಿರುತ್ತದೆ. ನಾವು ಅದಕ್ಕೆ ಈಸ್ಟ್ ಹಾಕಿರುವುದಿಲ್ಲ. ಕೋಲಾರದಲ್ಲೋ ಮಾಲೂರಿನಲ್ಲೋ ಮನೆಯಲ್ಲೇ ಸೋರ್‌ಡೋ ಬ್ರೆಡ್ ಮಾಡಲು ಹೊರಟವರು ಮಾಡುವುದೂ ಇದನ್ನೇ. ಗೋಧಿ ಹಿಟ್ಟಿಗೆ ನೀರು ಕಲಸಿಟ್ಟು, ದಿನವೂ ಸ್ವಲ್ಪ ತೆಗೆದು, ಹೊಸ ಹಿಟ್ಟು ಸೇರಿಸುತ್ತಾ ಹೋದರೆ ಒಂದೆರಡು ವಾರದಲ್ಲಿ ಬ್ರೆಡ್ ಉಬ್ಬಿಸಬಲ್ಲ ಹೆಪ್ಪು ಸಿದ್ಧವಾಗುತ್ತದೆ. ಈ ಕೆಲಸ ಮಾಡುವವರು ಯಾರು? ಕೈಗುಣ ಎಂದು ಕೆಲವರು, ಹಿಟ್ಟು ಕೊಳೆಯುವುದರಿಂದ ಎಂದು ಇನ್ನು ಕೆಲವರು ಹೇಳುತ್ತಾರೆ. ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಯೂರೋಪಿನ ದೊಡ್ಡ ರಸಾಯನಶಾಸ್ತ್ರಜ್ಞರೂ ಈ ಎರಡನೇ ಮಾತನ್ನೇ ನಂಬಿದ್ದರು. ಅದನ್ನು ಅಲ್ಲಗಳೆದವರು ಲೂಯಿ ಪಾಶ್ಚರ್.

ಪಾಶ್ಚರ್ ಎಂದೊಡನೆ ನಮಗೆ ಹುಚ್ಚುನಾಯಿ ಕಡಿತದ ಲಸಿಕೆಯೋ ಪಾಶ್ಚರೀಕರಿಸಿದ ಹಾಲೋ ನೆನಪಾಗುತ್ತದೆ. ಅವರ ಕೀರ್ತಿಯ ಬೇರು ಮಾತ್ರ ಹುಳಿತ ದ್ರವಗಳಲ್ಲಿದೆ. 1822ರ ಡಿಸೆಂಬರ್ 27ರಂದು ಫ್ರಾನ್ಸಿನ ದೋಲ್ ಊರಿನಲ್ಲಿ ಹುಟ್ಟಿದ ಅವರ ತಂದೆ ಚರ್ಮ ಹದ ಮಾಡುವವರು. ಬಾಲಕ ಲೂಯಿಗೆ ಓದಿಗಿಂತ ಚಿತ್ರ ಬರೆಯುವುದರಲ್ಲಿ ಹೆಚ್ಚು ಒಲವು. ಮುಂದೆ ಪ್ಯಾರಿಸಿನಲ್ಲಿ ರಸಾಯನಶಾಸ್ತ್ರ ಕಲಿತು, 1854ರಲ್ಲಿ ಲೀಲ್ ನಗರದ ವಿಜ್ಞಾನ ವಿಭಾಗದ ಮುಖ್ಯಸ್ಥರಾದರು.

ಲೀಲ್‌ನಲ್ಲಿ ಬೀಟ್‌ರೂಟ್ ರಸದಿಂದ ಮದ್ಯಸಾರ ತಯಾರಿಸುವ ಕಾರ್ಖಾನೆಗಳಿದ್ದವು. 1856ರಲ್ಲಿ ಬಿಗೋ ಎಂಬ ಮಾಲೀಕರ ತೊಟ್ಟಿಗಳಲ್ಲಿ ರಸ ಮದ್ಯಸಾರವಾಗುವ ಬದಲು ಹುಳಿದು ಕೆಡತೊಡಗಿತು. ಪಾಶ್ಚರ್ ಎರಡೂ ಬಗೆಯ ತೊಟ್ಟಿಗಳ ದ್ರವವನ್ನು ಸೂಕ್ಷ್ಮದರ್ಶಕದಡಿ ನೋಡಿದರು. ಚೆನ್ನಾಗಿದ್ದ ತೊಟ್ಟಿಯಲ್ಲಿ ದುಂಡನೆಯ ಈಸ್ಟ್ ಕಣಗಳಿದ್ದವು. ಕೆಟ್ಟದ್ದರಲ್ಲಿ ಅದಕ್ಕಿಂತ ಚಿಕ್ಕ, ಬೇರೆಯೇ ಆಕಾರದ ಕಣಗಳು.

ಈಸ್ಟ್ ಜೀವಿ ಎಂದು 1837ರ ಹೊತ್ತಿಗೇ ಮೂವರು ಬೇರೆಬೇರೆಯಾಗಿ ಹೇಳಿದ್ದರು. ಆದರೆ ಜರ್ಮನಿಯ ಲೀಬಿಗ್‌ಗೆ ಅದು ಹಾಸ್ಯದ ವಸ್ತುವಾಗಿತ್ತು. ಸಕ್ಕರೆ ತಿಂದು ಮದ್ಯಸಾರ ವಿಸರ್ಜಿಸುವ ಪುಟ್ಟ ಪ್ರಾಣಿಗಳ ಬಗ್ಗೆ ಒಂದು ಅಣಕು ಲೇಖನವೇ ಅವರ ಪತ್ರಿಕೆಯಲ್ಲಿ ಅಚ್ಚಾಯಿತು. (ಈಗ ಓದಿದರೆ ಅಣಕವೇ ಸತ್ಯಕ್ಕೆ ಹತ್ತಿರವಿತ್ತು ಅನ್ನಿಸುತ್ತದೆ!) ಕೊಳೆಯುತ್ತಿರುವ ವಸ್ತುವಿನ ಕಣಗಳ ಅಲುಗಾಟ ಸಕ್ಕರೆಯನ್ನು ಒಡೆಯುತ್ತದೆ ಎನ್ನುವುದು ಲೀಬಿಗ್ ವಾದ.

1857ರಲ್ಲಿ ಪಾಶ್ಚರ್ ಹಾಲು ಹುಳಿಯುವಾಗ ಆಗುವ ಲ್ಯಾಕ್ಟಿಕ್ ಹುದುಗುವಿಕೆಯ ಬಗ್ಗೆ ಪ್ರಬಂಧ ಮಂಡಿಸಿದರು. ಹುಳಿತ ದ್ರವದಿಂದ ತುಸು ಬೂದು ಬಣ್ಣದ ವಸ್ತುವನ್ನು ತೆಗೆದು ಹೊಸ ಸಕ್ಕರೆ ದ್ರವಕ್ಕೆ ಹಾಕಿದರೆ ಅದೂ ಹುಳಿಯುತ್ತಿತ್ತು, ಆ ವಸ್ತುವೂ ಹೆಚ್ಚುತ್ತಿತ್ತು. ಹಾಲಿಗೆ ಹೆಪ್ಪು ಹಾಕುವ ಯಾರಿಗಾದರೂ ಇದು ಅರ್ಥವಾಗುವ ಪ್ರಯೋಗ. ಮುಂದೆ ಅವರು ಸಕ್ಕರೆ, ಅಮೋನಿಯಂ ಲವಣ ಮತ್ತು ಈಸ್ಟಿನ ಬೂದಿ ಬೆರೆಸಿದ ನೀರಿಗೆ ಚೂರೇ ಚೂರು ಈಸ್ಟ್ ಹಾಕಿದರು. ಕೊಳೆಯುವಂಥದ್ದೇನೂ ಅದರಲ್ಲಿರಲಿಲ್ಲ. ಆದರೂ ಈಸ್ಟ್ ಬೆಳೆಯಿತು, ಸಕ್ಕರೆ ಮದ್ಯಸಾರವಾಯಿತು. ಲೀಬಿಗ್ ವಾದದ ಬುಡವೇ ಅಲುಗಾಡಿತು.

ಇದೇ ವರ್ಷಗಳಲ್ಲಿ ಮನೆಯಲ್ಲಿ ಸಾವಿನ ಮೇಲೆ ಸಾವು. 1859ರಲ್ಲಿ ಹಿರಿಯ ಮಗಳು ಜಾನ್ ಟೈಫಾಯ್ಡಿನಿಂದ ತೀರಿಕೊಂಡಳು. 1865ರಲ್ಲಿ ಎರಡು ವರ್ಷದ ಕಮಿಲ್, ಮರುವರ್ಷ ಮತ್ತೆ ಟೈಫಾಯ್ಡಿಗೆ ಸೆಸಿಲ್. ಐದು ಮಕ್ಕಳಲ್ಲಿ ಉಳಿದವರು ಇಬ್ಬರು. ಪತ್ನಿ ಮರೀ ಅವರ ಟಿಪ್ಪಣಿಗಳನ್ನು ಬರೆದುಕೊಳ್ಳುತ್ತಾ ಕೆಲಸಕ್ಕೆ ಜೊತೆಯಾದರು. 1868ರಲ್ಲಿ ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ಕಳೆದುಕೊಂಡಿತು. ರೋಗಗಳ ಮೇಲಿನ ಅವರ ಹೆಸರಾಂತ ಕೆಲಸ ಬಹುಪಾಲು ಆಮೇಲಿನದು. 1885ರಲ್ಲಿ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ರೇಬೀಸ್ ಲಸಿಕೆ ಕೊಟ್ಟದ್ದು ಎಲ್ಲರಿಗೂ ತಿಳಿದ ಕಥೆ. ಪಾಶ್ಚರ್ ದೋಷವಿಲ್ಲದ ಮನುಷ್ಯರೇನಲ್ಲ. 1881ರ ಆಂತ್ರಾಕ್ಸ್ ಲಸಿಕೆಯ ಬಹಿರಂಗ ಪ್ರಯೋಗದಲ್ಲಿ ತಮ್ಮದಲ್ಲದ, ಪ್ರತಿಸ್ಪರ್ಧಿಯ ವಿಧಾನಕ್ಕೆ ಹತ್ತಿರವಾದ ಲಸಿಕೆ ಬಳಸಿ ಅದನ್ನು ಮುಚ್ಚಿಟ್ಟಿದ್ದರೆಂದು ಅವರ ಪ್ರಯೋಗಾಲಯದ ಟಿಪ್ಪಣಿ ಪುಸ್ತಕಗಳೇ ಆಮೇಲೆ ತೋರಿಸಿದವು. 1895ರ ಸೆಪ್ಟೆಂಬರ್ 28ರಂದು ಅವರು ತೀರಿಕೊಂಡರು. ಎರಡೇ ವರ್ಷಕ್ಕೆ ಬುಖ್ನರ್, ಜಜ್ಜಿ ಹಿಂಡಿದ ಈಸ್ಟಿನ ರಸವೂ ಸಕ್ಕರೆಯನ್ನು ಮದ್ಯಸಾರ ಮಾಡುತ್ತದೆಂದು ತೋರಿಸಿದರು. ಜೀವಿ ತಯಾರಿಸುವ ಕಿಣ್ವವೇ ಕೆಲಸಗಾರ ಎಂದಾಯಿತು. ಲೀಬಿಗ್‌ಗೂ ಸ್ವಲ್ಪ ಪಾಲು ಸಿಕ್ಕಿತು ಎನ್ನೋಣ.

ಈಗ ನಮ್ಮ ಅಡುಗೆಮನೆಗೆ ಬರೋಣ. ಲೀಲ್‌ನ ತೊಟ್ಟಿಯಲ್ಲಿ ಈಸ್ಟ್ ಬೇಕಾದದ್ದು, ಹುಳಿ ಮಾಡುವ ಬ್ಯಾಕ್ಟೀರಿಯಾ ಬೇಡವಾದದ್ದು. ಸೋರ್‌ಡೋ ಹೆಪ್ಪಿನಲ್ಲಿ ಇಬ್ಬರೂ ಬೇಕು: ಈಸ್ಟ್ ಹೆಚ್ಚಾಗಿ ಉಬ್ಬಿಸುತ್ತದೆ, ಬ್ಯಾಕ್ಟೀರಿಯಾ ಹುಳಿ ಕೊಟ್ಟು ಬೇಡದ ಜೀವಿಗಳನ್ನು ತಡೆಯುತ್ತದೆ. ಉದ್ದು–ಅಕ್ಕಿ ಹಿಟ್ಟಿನಲ್ಲಂತೂ ಉಬ್ಬಿಸುವ ಮುಖ್ಯ ಕೆಲಸವನ್ನೂ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾವೇ ಮಾಡುತ್ತದೆ. ಆ ಹೆಸರಿಟ್ಟವರು ಪಾಶ್ಚರ್ ಬಳಿ ಪಳಗಿದ ವಾನ್ ಟೀಗೆಮ್, 1878ರಲ್ಲಿ. ಅವರಿಗೆ ಅದು ಸಕ್ಕರೆ ಕಾರ್ಖಾನೆಗಳ ರಸವನ್ನು ಲೋಳೆಯಾಗಿಸುವ ಕಾಟವಾಗಿತ್ತು!

ಈ ಜೀವಿಗಳು ಬಹುಪಾಲು ಹಿಟ್ಟಿನೊಂದಿಗೇ, ಬೇಳೆಯೊಂದಿಗೇ ಬಂದಿರುತ್ತವೆ. ಕಲಸುವ ಕೈಯಿಂದಲೂ ಕೆಲವು ಸೇರುತ್ತವೆ, ಹಾಗಾಗಿ ಕೈಗುಣದ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಅಂಗಡಿಯ ಈಸ್ಟ್ ಕೆಮಿಕಲ್ ಎನ್ನುವುದು ಮಾತ್ರ ಸುಳ್ಳು. ಅದೂ ಜೀವಿಯೇ, ಒಂದೇ ಬಗೆಯದನ್ನು ಬೇರ್ಪಡಿಸಿ ಬೆಳೆಸಿದ್ದು ಅಷ್ಟೇ. ಸೋರ್‌ಡೋದಲ್ಲಿ ಗ್ಲುಟೆನ್ ಇರುವುದಿಲ್ಲ ಎಂಬ ಮಾತು ಇನ್ನೂ ಅಪಾಯಕಾರಿ. ಹುಳಿ ಬರಿಸಿದರೆ ಗ್ಲುಟೆನ್ ಸ್ವಲ್ಪ ಕಡಿಮೆಯಾಗಬಹುದು, ಆದರೆ ಸೀಲಿಯಾಕ್ ಕಾಯಿಲೆ ಇರುವವರು ಗೋಧಿಯ ಸೋರ್‌ಡೋ ತಿನ್ನಬಾರದು.

ಹೆಪ್ಪು ಮಾಡುವವರಿಗೆ ಒಂದು ಮಾತು. ಎರಡನೇ ದಿನ ಗುಳ್ಳೆ ಕಂಡಿತೆಂದು ಬ್ರೆಡ್‌ಗೆ ಕೈಹಾಕಬೇಡಿ. ಆ ಗುಳ್ಳೆ ಸಾಮಾನ್ಯವಾಗಿ ಮೊದಲು ಬಂದ ಬ್ಯಾಕ್ಟೀರಿಯಾದ್ದು, ಈಸ್ಟ್ ಬಲಗೊಳ್ಳುವುದು ಆಮೇಲೆ. ಹೊಸ ಹಿಟ್ಟು ಹಾಕಿದ ಕೆಲವು ಗಂಟೆಗಳಲ್ಲಿ ಪ್ರತಿಸಲವೂ ಎರಡು ಪಟ್ಟು ಉಬ್ಬಿದರೆ ಹೆಪ್ಪು ಸಿದ್ಧ. ಡಿಸೆಂಬರ್ ಚಳಿಯಲ್ಲಿ ಇನ್ನಷ್ಟು ದಿನ ಹಿಡಿಯುತ್ತದೆ. ಆಗ ದೋಸೆ ಹಿಟ್ಟಿನ ಪಾತ್ರೆಯ ಪಕ್ಕದಲ್ಲೇ, ಒಲೆಯ ಬಳಿಯ ಬೆಚ್ಚನೆಯ ಮೂಲೆಯಲ್ಲಿ ಇದನ್ನೂ ಇಡಿ.