ಹಕ್ಕಲಾಯುವವರ ಚಿತ್ರಕಾರ

ಫ್ರಾನ್ಸ್ ದೇಶದಲ್ಲಿ, ಪ್ಯಾರಿಸ್ ನಗರದ ಆಗ್ನೇಯಕ್ಕೆ ಬಾರ್ಬಿಜಾನ್ ಎಂಬ ಪುಟ್ಟ ಹಳ್ಳಿಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಒಂದೇ ಬೀದಿಯ ಊರು. ಒಂದು ಕಡೆ ದಟ್ಟವಾದ ಅರಣ್ಯ, ಇನ್ನೊಂದು ಕಡೆ ಕಣ್ಣು ಹಾಯುವವರೆಗೂ ಹೊಲಗಳ ಬಯಲು. ಈ ಹಳ್ಳಿಯ ಬಾಳನ್ನು ಚಿತ್ರಗಳಲ್ಲಿ ಅಮರಗೊಳಿಸಿದವನು ಝಾನ್ ಫ್ರಾನ್ಸ್ವಾ ಮಿಲೆ.

ಮಿಲೆಯು 1814ರಲ್ಲಿ ನಾರ್ಮಂಡಿ ಪ್ರಾಂತದ ಬೇಸಾಯಗಾರರ ಮನೆಯಲ್ಲಿ ಜನಿಸಿದನು; ತಂದೆಯೊಡನೆ ಹೊಲದಲ್ಲಿ ದುಡಿದು ಬೆಳೆದನು. ಚಿತ್ರಕಲೆಯನ್ನು ಕಲಿಯಲು ಪ್ಯಾರಿಸಿಗೆ ಹೋದನಾದರೂ ನಗರವು ಅವನಿಗೆ ಒಗ್ಗಲಿಲ್ಲ. 1849ರಲ್ಲಿ ಅಲ್ಲಿ ಕಾಲರಾ ಹಬ್ಬಿದಾಗ ಮಡದಿ ಮಕ್ಕಳೊಡನೆ ಬಾರ್ಬಿಜಾನಿಗೆ ಬಂದು, ಅದನ್ನೇ ತನ್ನ ಊರನ್ನಾಗಿ ಮಾಡಿಕೊಂಡನು. ಬೆಳಗ್ಗೆ ತೋಟದ ಕೆಲಸ, ಅನಂತರ ಚಿತ್ರರಚನೆ. ಇದು ಅವನ ದಿನಚರಿ.

ಕೊಯ್ಲಾದ ಮೇಲೆ ಹೊಲದಲ್ಲಿ ಉಳಿದ ಹಕ್ಕಲನ್ನು ಆಯ್ದುಕೊಳ್ಳಲು ಅಲ್ಲಿಯ ಬಡವರಿಗೆ ಅವಕಾಶವಿತ್ತು. ಹಾಗೆ ತೆನೆ ಆಯುವ ಮೂವರು ಹೆಂಗಸರನ್ನು ಮಿಲೆ 1857ರಲ್ಲಿ ಚಿತ್ರಿಸಿದನು. ದೂರದಲ್ಲಿ ತುಂಬು ಬೆಳೆಯ ಬಣವೆಗಳು ಎದ್ದು ನಿಂತಿವೆ. ಎದುರಿಗೆ ಈ ಹೆಂಗಸರು ನೆಲದತ್ತ ಬಾಗಿದ್ದಾರೆ. ಅವರ ಮುಖಗಳು ಸ್ಪಷ್ಟವಾಗಿಲ್ಲ. ದುಡಿಮೆಯ ಭಾರವು ಸ್ಪಷ್ಟವಾಗಿದೆ.

ಪ್ಯಾರಿಸಿನ ಪ್ರದರ್ಶನದಲ್ಲಿ ಹಲವರು ಆ ಚಿತ್ರವನ್ನು ಹಳಿದರು. ಅದು ಬಡವರನ್ನು ಸಿರಿವಂತರ ವಿರುದ್ಧ ಎತ್ತಿಕಟ್ಟುವುದೆಂದು ಶಂಕಿಸಿದರು. ಮನೆಯಲ್ಲಿ ದೊಡ್ಡ ಸಂಸಾರ, ಮೇಲೆ ಸಾಲದ ಬಾಧೆ. ಆದರೂ ಕೊಳ್ಳುವವರ ಮೆಚ್ಚುಗೆಗಾಗಿ ಮಿಲೆ ಹಳ್ಳಿಯ ಬಡತನವನ್ನು ಸಿಂಗರಿಸಿ ತೋರಿಸಲಿಲ್ಲ. ಗೌರವವು ಅವನನ್ನು ತಡವಾಗಿ ಅರಸಿ ಬಂದಿತು. 1875ರಲ್ಲಿ ಅವನು ಬಾರ್ಬಿಜಾನಿನಲ್ಲಿಯೇ ಕಾಲವಾದನು.

ಅಂದು ನಿಂದೆಗೆ ಗುರಿಯಾದ ಆ ಚಿತ್ರವು ಇಂದು ಪ್ಯಾರಿಸಿನ ಓರ್ಸೆ ವಸ್ತುಸಂಗ್ರಹಾಲಯದಲ್ಲಿದೆ. ಹೆಸರಿಲ್ಲದ ಆ ಮೂವರನ್ನು ನೋಡಲು ದೇಶದೇಶಗಳ ಜನರು ಬರುತ್ತಾರೆ.