ರಾವಣನ ಪಶ್ಚಾತ್ತಾಪ, ದುರ್ಯೋಧನನ ಛಲ: ಆಚಾರ್ಯ ಬಿ.ಎಂ.ಶ್ರೀ ಅವರ ಬಾಳು ಮತ್ತು ಸಾಧನೆ

ಕನ್ನಡದ ಕಣ್ವರೆಂದು ಹೆಸರಾದ ಆಚಾರ್ಯ ಬಿ.ಎಂ.ಶ್ರೀಕಂಠಯ್ಯನವರನ್ನು ನಾವು ಸಾಮಾನ್ಯವಾಗಿ ನೆನೆಯುವುದು ‘ಇಂಗ್ಲಿಷ್ ಗೀತಗಳು’ ಕೃತಿಯ ಕರ್ತೃವೆಂದು. ಹೊಸಗನ್ನಡ ಕವಿತೆಗೆ ಹೊಸ ನಡೆ ಕಲಿಸಿದ ಆ ಪುಟ್ಟ ಪುಸ್ತಕದ ಕೀರ್ತಿ ಬಹು ದೊಡ್ಡದು. ಆದರೆ ಆ ಕೀರ್ತಿಯ ನೆರಳಿನಲ್ಲಿ ಶ್ರೀಯವರ ಇನ್ನೊಂದು ಕೆಲಸ ತಕ್ಕಷ್ಟು ಕಾಣದೆ ಉಳಿದಿದೆ. ನಮ್ಮ ಪ್ರಾಚೀನ ಕಾವ್ಯಗಳ ಪ್ರತಿನಾಯಕರನ್ನು, ಅಂದರೆ ಶತಮಾನಗಳಿಂದ ನಾವು ದುಷ್ಟರೆಂದು ಬದಿಗಿರಿಸಿದ್ದ ರಾವಣ, ದುರ್ಯೋಧನ, ಅಶ್ವತ್ಥಾಮರನ್ನು, ಮತ್ತೊಮ್ಮೆ ಎದುರಿಗೆ ಕೂರಿಸಿಕೊಂಡು ಅವರ ಅಂತರಂಗವನ್ನು ಓದಿದ ಕೆಲಸವದು. ಪಾತ್ರವೆಂದರೇನು, ಧರ್ಮಸಂಕಟವೆಂದರೇನು ಎಂಬುದನ್ನು ಕನ್ನಡದ ಓದುಗರಿಗೆ ಅವರು ಹೇಗೆ ಕಲಿಸಿದರೆಂಬುದನ್ನು ಅವರ ಬಾಳಿನೊಡನೆಯೇ ನೋಡುವುದು ಈ ಲೇಖನದ ಉದ್ದೇಶ.

ಶ್ರೀಯವರು ಜನಿಸಿದ್ದು 1884ರ ಜನವರಿ 3ರಂದು, ತುಮಕೂರು ಜಿಲ್ಲೆಯ ಸಂಪಿಗೆ ಗ್ರಾಮದಲ್ಲಿ. ಅದು ಅವರ ತಾಯಿಯ ತೌರು. ಮನೆತನದ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದರು, ತಾಯಿ ಭಾಗೀರಥಮ್ಮ. ಕಾವೇರಿಯ ನಡುವಿನ ಆ ಚಾರಿತ್ರಿಕ ಪಟ್ಟಣದಲ್ಲಿ ಬಾಲ್ಯ ಕಳೆದು, ಮೈಸೂರು ಮತ್ತು ಬೆಂಗಳೂರುಗಳಲ್ಲಿ ಓದಿ, ಹೆಚ್ಚಿನ ವ್ಯಾಸಂಗಕ್ಕೆಂದು ಅವರು ಮದರಾಸಿಗೆ ಹೋದರು. ಅಂದಿನ ಮೈಸೂರು ಸಂಸ್ಥಾನಕ್ಕೆ ಸ್ವಂತ ವಿಶ್ವವಿದ್ಯಾನಿಲಯವಿರಲಿಲ್ಲ. ಅದು ಸ್ಥಾಪನೆಯಾದದ್ದು 1916ರಲ್ಲಿ. ಆದುದರಿಂದ ಕನ್ನಡ ನಾಡಿನ ತರುಣರು ಪದವಿಗಾಗಿ ಮದರಾಸು ವಿಶ್ವವಿದ್ಯಾನಿಲಯವನ್ನೇ ನೆಚ್ಚಿಕೊಳ್ಳಬೇಕಾಗಿತ್ತು. ಅಲ್ಲಿ ಅವರು ಕಾನೂನು ಪದವಿಯನ್ನೂ ಎಂ.ಎ. ಪದವಿಯನ್ನೂ ಪಡೆದರು. ತಂದೆಯ ಹಾದಿಯಲ್ಲಿ ನಡೆದು ವಕೀಲರಾಗಬಹುದಾಗಿತ್ತು. ಆದರೆ ಅವರು ಆರಿಸಿಕೊಂಡದ್ದು ಅಧ್ಯಾಪಕ ವೃತ್ತಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಕರಾಗಿ ಸೇರಿ ಎರಡು ದಶಕಗಳಷ್ಟು ಕಾಲ ಅಲ್ಲಿ ಪಾಠ ಹೇಳಿದರು. ಆಮೇಲೂ ಅವರ ಬರಹದಲ್ಲಿ ವಕೀಲಿಕೆಯ ಒಂದು ಗುಣ ಉಳಿಯಿತೆನ್ನಬಹುದು. ಆರೋಪಿಯ ಮಾತನ್ನು ಕೇಳದೆ ಅವರು ತೀರ್ಪು ಕೊಡುವವರಲ್ಲ.

ಅಂದಿನ ವಿದ್ಯಾವಂತ ಕನ್ನಡಿಗನ ಪಾಡನ್ನು ನಾವಿಂದು ಊಹಿಸಿಕೊಳ್ಳಬೇಕು. ಓದು ಇಂಗ್ಲಿಷಿನಲ್ಲಿ, ಸಂಬಳ ಇಂಗ್ಲಿಷಿನಿಂದ, ಗೌರವವೂ ಅದರಿಂದಲೇ. ಮನೆಯ ಮಾತು ಮಾತ್ರ ಕನ್ನಡ. ಈ ಎರಡರ ನಡುವಿನ ಒಳತೋಟಿಯನ್ನು ಶ್ರೀಯವರು ಸ್ವತಃ ಅನುಭವಿಸಿದರು. ಷೇಕ್ಸ್‌ಪಿಯರನನ್ನೂ ಗ್ರೀಕ್ ನಾಟಕಕಾರರನ್ನೂ ತರಗತಿಯಲ್ಲಿ ವಿವರಿಸುತ್ತಿದ್ದ ಅಧ್ಯಾಪಕನಿಗೆ ಅದೇ ಬಗೆಯ ಗಂಭೀರ ಓದು ತನ್ನ ಭಾಷೆಯ ಕಾವ್ಯಗಳಿಗೆ ಏಕೆ ಸಲ್ಲುತ್ತಿಲ್ಲವೆಂಬ ಕೊರಗು ಕಾಡಿತು. 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಅವರು ಮಾಡಿದ, ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತ ಭಾಷಣ ಆ ಕೊರಗಿನಿಂದಲೇ ಹುಟ್ಟಿತು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಇಂಗ್ಲಿಷನ್ನು ದೂರ ತಳ್ಳುವುದು ಅವರ ಮಾರ್ಗವಾಗಿರಲಿಲ್ಲ. ಇಂಗ್ಲಿಷಿನಿಂದ ಪಡೆದ ಬೆಳಕನ್ನು ಕನ್ನಡದ ಮನೆಗೆ ತರುವುದು ಅವರ ಸಂಕಲ್ಪವಾಗಿತ್ತು.

ಮನೆಯ ಬಾಳಿನಲ್ಲಿ ಅವರಿಗೆ ಸುಖ ಹೆಚ್ಚು ಕಾಲ ಉಳಿಯಲಿಲ್ಲ. ಇನ್ನೂ ಪ್ರಾಯದಲ್ಲಿರುವಾಗಲೇ ಪತ್ನಿ ತೀರಿಕೊಂಡರು, ಶ್ರೀಯವರು ಮರುಮದುವೆಯಾಗಲಿಲ್ಲ. ತಮ್ಮ ದುಃಖವನ್ನು ಅವರು ಬೀದಿಗೆ ತಂದವರಲ್ಲ. ದುರಂತ ನಾಟಕಗಳತ್ತ ಅವರ ಮನಸ್ಸು ಒಲಿದದ್ದಕ್ಕೆ ಇದೇ ಕಾರಣವೆಂದು ಹೇಳುವುದು ಸರಿಯಾಗಲಾರದು. ಆದರೆ ಅವರು ಚಿತ್ರಿಸಿದ ಶೋಕದಲ್ಲಿ ಕೃತಕತೆಯಿಲ್ಲವೆಂಬುದನ್ನು ಓದಿದವರು ಬಲ್ಲರು.

ಈಗ ರಾವಣನ ವಿಷಯಕ್ಕೆ ಬರೋಣ. ಸುಮಾರು 1100ರ ಹೊತ್ತಿನಲ್ಲಿದ್ದ, ಅಭಿನವ ಪಂಪನೆಂದು ಪ್ರಸಿದ್ಧನಾದ ನಾಗಚಂದ್ರನು ‘ರಾಮಚಂದ್ರಚರಿತಪುರಾಣ’ವೆಂಬ ಚಂಪೂಕಾವ್ಯವನ್ನು ರಚಿಸಿದನು. ಇದು ಜೈನ ಪರಂಪರೆಯ ರಾಮಕಥೆ. ಇಲ್ಲಿಯ ರಾವಣ ಹತ್ತು ತಲೆಯ ರಾಕ್ಷಸನಲ್ಲ. ವಿದ್ಯಾಧರ ಕುಲದ ಪರಾಕ್ರಮಿ ದೊರೆ. ತನ್ನನ್ನು ಒಲ್ಲದ ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂದು ವ್ರತ ತೊಟ್ಟವನು. ನಳಕೂಬರನ ಮಡದಿ ಉಪರಂಭೆ ತಾನಾಗಿ ಒಲಿದು ಬಂದಾಗಲೂ ಕೆಡದವನು. ಇಂಥವನು ಸೀತೆಯನ್ನು ಕಂಡೊಡನೆ ಸೋಲುತ್ತಾನೆ, ಕದ್ದು ತರುತ್ತಾನೆ, ಬೆದರಿಸುತ್ತಾನೆ. ರಾಮನಿಗೆ ಕೇಡಾಗುವುದೆಂಬ ಮಾತನ್ನು ಕೇಳಿ ಸೀತೆ ಮೂರ್ಛೆ ಹೋದಾಗ ಅವನ ಮನಸ್ಸು ತಟ್ಟನೆ ತಿರುಗುತ್ತದೆ. ಅನ್ಯೋನ್ಯವಾಗಿದ್ದ ದಂಪತಿಗಳನ್ನು ಅಗಲಿಸಿದೆನಲ್ಲ, ಹಿತ ನುಡಿದ ತಮ್ಮ ವಿಭೀಷಣನನ್ನು ಕಳೆದುಕೊಂಡೆನಲ್ಲ ಎಂದು ಅವನು ಪಶ್ಚಾತ್ತಾಪಪಡುತ್ತಾನೆ.

ಇಲ್ಲಿಗೇ ಕಥೆ ಮುಗಿದಿದ್ದರೆ ಅದು ಒಂದು ನೀತಿಕಥೆಯಾಗುತ್ತಿತ್ತು. ಆದರೆ ರಾವಣನು ಸೀತೆಯನ್ನು ಆಗಲೇ ಒಪ್ಪಿಸುವುದಿಲ್ಲ. ಹಗೆಯ ಸೇನೆ ಬಾಗಿಲಲ್ಲಿರುವಾಗ ಒಪ್ಪಿಸಿದರೆ ಲೋಕ ಅದನ್ನು ಅಂಜಿಕೆಯೆಂದು ತಿಳಿಯುತ್ತದೆ. ಆದುದರಿಂದ ಮೊದಲು ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಸೆರೆಹಿಡಿಯಬೇಕು, ಆಮೇಲೆ ಗೌರವದಿಂದ ಸೀತೆಯನ್ನು ಹಿಂದಿರುಗಿಸಬೇಕು ಎಂದು ಅವನ ನಿಶ್ಚಯ. ತಪ್ಪನ್ನು ತಿದ್ದಿಕೊಳ್ಳಲು ಹೊರಟವನಿಗೆ ಅಭಿಮಾನ ಅಡ್ಡ ನಿಂತಿತು. ಯುದ್ಧದಲ್ಲಿ ಅವನು ಲಕ್ಷ್ಮಣನ ಕೈಯಲ್ಲಿ ಮಡಿಯುತ್ತಾನೆ. ಶ್ರೀಯವರು ಈ ಸನ್ನಿವೇಶದ ಮಹತ್ತ್ವವನ್ನು ಗುರುತಿಸಿ, ನಾಗಚಂದ್ರನ ರಾವಣನನ್ನು ದುರಂತ ನಾಯಕನೆಂದು ವಿವೇಚಿಸುವ ಪ್ರಬಂಧವೊಂದನ್ನು ಇಂಗ್ಲಿಷಿನಲ್ಲಿ ಬರೆದರು. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ದುರಂತ ನಾಯಕನ ಲಕ್ಷಣವನ್ನು ಹೇಳುವಾಗ, ಅವನು ಪೂರ್ಣ ಸಜ್ಜನನೂ ಅಲ್ಲದ ಪೂರ್ಣ ದುರ್ಜನನೂ ಅಲ್ಲದ, ಒಂದು ದೋಷದಿಂದ ಬೀಳುವ ದೊಡ್ಡ ಮನುಷ್ಯನಾಗಿರಬೇಕೆಂದಿದ್ದಾನೆ. ಆ ಅಳತೆಗೆ ನಮ್ಮ ಕವಿಯ ರಾವಣ ಸರಿಹೊಂದುವನೆಂಬುದು ಅಂದಿನ ಓದುಗರಿಗೆ ಅಚ್ಚರಿಯ ಸಂಗತಿ. ಪಶ್ಚಿಮದ ದೀಪದಲ್ಲಿ ಅವರು ನಮ್ಮ ಮನೆಯ ನಿಧಿಯನ್ನೇ ತೋರಿಸಿದರು.

1926ನೆಯ ಇಸವಿ ಅವರ ಬಾಳಿನಲ್ಲಿ ಸಾರ್ಥಕ ವರ್ಷ. ‘ಇಂಗ್ಲಿಷ್ ಗೀತಗಳು’ ಮತ್ತು ‘ಗದಾಯುದ್ಧ ನಾಟಕಂ’ ಎರಡೂ ಆ ವರ್ಷವೇ ಪ್ರಕಟವಾದವು. ನಾಟಕದ ಮೂಲ, ಮುಧೋಳದ ಬಳೆಗಾರರ ಮನೆತನದಲ್ಲಿ ಹುಟ್ಟಿ ಚಾಲುಕ್ಯರ ಆಸ್ಥಾನಕವಿಯಾದ ರನ್ನನ ಕಾವ್ಯ. ರನ್ನನು ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಬರೆದವನು. ಆದುದರಿಂದ ಕಾವ್ಯದ ಅಧಿಕೃತ ನಾಯಕ ಭೀಮ. ಆದರೆ ಓದಿ ಮುಗಿಸಿದವನ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಸಂಜಯನೊಡನೆ ರಣರಂಗವನ್ನು ದಾಟುತ್ತ ದ್ರೋಣರನ್ನು, ದುಶ್ಶಾಸನನನ್ನು, ಕರ್ಣನನ್ನು ಹೆಣಗಳ ನಡುವೆ ಕಂಡು ಅವನು ಮರುಗುತ್ತಾನೆ. ಹಗೆಯ ಮಗನಾದ ಅಭಿಮನ್ಯುವಿನ ಶೌರ್ಯಕ್ಕೆ ತಲೆಬಾಗುತ್ತಾನೆ. ಸಂಧಿ ಮಾಡಿಕೊಳ್ಳೆಂಬ ಭೀಷ್ಮರ ಮಾತಿಗೆ ಮಾತ್ರ ಒಪ್ಪುವುದಿಲ್ಲ. ಗೆಳೆಯನನ್ನೂ ತಮ್ಮಂದಿರನ್ನೂ ಕಳೆದುಕೊಂಡ ಮೇಲೆ ಈ ನೆಲವನ್ನು ಯಾರೊಡನೆ ಆಳಲಿ ಎಂಬುದು ಅವನ ಅಳಲು. ಅದು ಮೊಂಡುತನವೇ, ಅಥವಾ ಸ್ನೇಹಕ್ಕೆ ತೋರಿದ ನಿಷ್ಠೆಯೇ? ಎರಡೂ ಹೌದು. ಧರ್ಮಸಂಕಟವೆಂಬುದು ಹುಟ್ಟುವುದು ಒಳ್ಳೆಯದು ಕೆಟ್ಟದ್ದರ ಜೊತೆಗೆ ಬಿಡಿಸಲಾರದಂತೆ ಹೆಣೆದುಕೊಂಡಾಗ.

ಶ್ರೀಯವರು ರನ್ನನ ಪದ್ಯಗಳನ್ನೇ ಬಹುಮಟ್ಟಿಗೆ ಉಳಿಸಿಕೊಂಡು, ದುರ್ಯೋಧನನನ್ನು ನಡುವಿಗೆ ತಂದು ನಾಟಕವನ್ನು ಕಟ್ಟಿದರು. ಸಂಸ್ಕೃತ ನಾಟಕ ಪರಂಪರೆ ಮಂಗಳಾಂತ್ಯವನ್ನು ಬಯಸುವಂಥದು. ಭಾಸನ ಹೆಸರಿನ ‘ಊರುಭಂಗ’ದಂಥ ಅಪವಾದಗಳು ವಿರಳ. ದುರ್ಯೋಧನನನ್ನು ಹೀಗೆ ಎತ್ತಿ ನಿಲ್ಲಿಸಿದ್ದು ಸರಿಯೇ ಎಂಬ ಚರ್ಚೆ ವಿಮರ್ಶಕರಲ್ಲಿ ಬಹುಕಾಲ ನಡೆಯಿತು. ರನ್ನನ ಉದ್ದೇಶ ಅದಾಗಿರಲಿಲ್ಲವೆಂದವರೂ ಉಂಟು. ಆದರೆ ಆ ಚರ್ಚೆಯ ಫಲವಾಗಿ ರನ್ನನನ್ನು ಮತ್ತೆ ಓದಿದವರು ಹಲವರು. ಹಳೆಯ ಕಾವ್ಯವೊಂದಕ್ಕೆ ಇದಕ್ಕಿಂತ ಹೆಚ್ಚಿನ ಉಪಕಾರ ಬೇರಿಲ್ಲ.

1929ರಲ್ಲಿ ಪ್ರಕಟವಾದ ‘ಅಶ್ವತ್ಥಾಮನ್’ ನಾಟಕದಲ್ಲಿ ಅವರು ಇನ್ನೂ ದೊಡ್ಡ ಸಾಹಸಕ್ಕೆ ಕೈಹಾಕಿದರು. ಅದರ ಮಾದರಿ ಸೊಫೊಕ್ಲಿಸನ ‘ಅಯಾಸ್’ ನಾಟಕ. ಟ್ರಾಯ್ ಯುದ್ಧದ ಮಹಾವೀರ ಅಯಾಸನು ಅಪಮಾನದಿಂದ ಬುದ್ಧಿ ಕಲಕಿ, ಹಗೆಗಳೆಂದು ಭ್ರಮಿಸಿ ಜಾನುವಾರುಗಳನ್ನು ಕೊಂದು, ತಿಳಿವು ಮರಳಿದಾಗ ನಾಚಿಕೆ ತಾಳಲಾರದೆ ತನ್ನ ಕತ್ತಿಗೇ ಬೀಳುತ್ತಾನೆ. ಇದರ ಚೌಕಟ್ಟಿನಲ್ಲಿ ಶ್ರೀಯವರು ದ್ರೋಣಪುತ್ರನ ಕಥೆಯನ್ನು ಇರಿಸಿದರು. ತಂದೆಯನ್ನು ಮೋಸದಿಂದ ಕೊಂದರೆಂಬ ಕಿಚ್ಚು ಅಶ್ವತ್ಥಾಮನದು. ಅದು ನ್ಯಾಯವಾದ ಕಿಚ್ಚು. ಆದರೆ ಅದು ಅವನನ್ನು ನಡುರಾತ್ರಿ ಪಾಂಡವರ ಶಿಬಿರಕ್ಕೆ ನುಗ್ಗಿಸಿ, ಮಲಗಿದ್ದ ಉಪಪಾಂಡವರನ್ನು ಕೊಲ್ಲಿಸಿತು. ನ್ಯಾಯದ ಕೋಪ ಅನ್ಯಾಯದ ಕೃತ್ಯವಾಗಿ ಪರಿಣಮಿಸಿದ ಮೇಲೆ ಮನುಷ್ಯ ಹೇಗೆ ಬದುಕಬೇಕು? ಪುರಾಣವು ಅಶ್ವತ್ಥಾಮನನ್ನು ಏಳು ಚಿರಂಜೀವಿಗಳಲ್ಲಿ ಒಬ್ಬನೆಂದು ಎಣಿಸುತ್ತದೆ. ಶ್ರೀಯವರ ನಾಟಕದಲ್ಲಿ ಅವನು ತನ್ನ ಪ್ರಾಣವನ್ನು ತಾನೇ ನೀಗುತ್ತಾನೆ. ಪರಂಪರೆಯಲ್ಲಿ ಶ್ರದ್ಧೆಯಿದ್ದ ಓದುಗರಿಗೆ ಇದು ನುಂಗಲಾರದ ತುತ್ತಾಗಿತ್ತು. ಆದರೂ ಅವರು ಹಿಂಜರಿಯಲಿಲ್ಲ. ಪಾತ್ರದ ಸತ್ಯ ಎಲ್ಲಿಗೆ ಒಯ್ದರೆ ಅಲ್ಲಿಗೆ ನಡೆಯುವ ಧೈರ್ಯ ಅವರಿಗಿತ್ತು. ಹಳಗನ್ನಡದ ಬಿಗಿಯಲ್ಲಿ ರಚಿತವಾದ ಈ ನಾಟಕ ಇಂದಿನ ಓದುಗರಿಗೆ ಸುಲಭವಲ್ಲ. ಶ್ರಮಪಟ್ಟವರಿಗೆ ತಕ್ಕ ಪ್ರತಿಫಲವುಂಟು.

1935ರಲ್ಲಿ ಈಸ್ಕಿಲಸನ ನಾಟಕವೊಂದು ‘ಪಾರಸಿಕರು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದಿತು. ಕ್ರಿ.ಪೂ. 480ರ ಸಲಾಮಿಸ್ ನೌಕಾಯುದ್ಧದಲ್ಲಿ ಪರ್ಷಿಯದ ಸೇನೆಯನ್ನು ಸೋಲಿಸಿದ ಗ್ರೀಕರು, ಎಂಟೇ ವರ್ಷಗಳ ಬಳಿಕ ತಮ್ಮ ರಂಗಭೂಮಿಯ ಮೇಲೆ ತಮ್ಮ ಗೆಲುವಿನ ಸಂಭ್ರಮವನ್ನಲ್ಲ, ಸೋತವರ ಮನೆಯ ಗೋಳನ್ನು ಕಂಡರು. ಹಗೆಯ ತಾಯಿಯ ಕಣ್ಣೀರನ್ನು ತನ್ನದೆಂದು ಭಾವಿಸಬಲ್ಲ ಜನಾಂಗವೇ ಸುಸಂಸ್ಕೃತ ಜನಾಂಗ. ರಾವಣನಿಂದ ಪಾರಸಿಕರವರೆಗೆ ಶ್ರೀಯವರು ಹಿಡಿದ ದಾರಿ ಒಂದೇ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಈ ನಡುವೆ ಅವರ ಸಾರ್ವಜನಿಕ ಸೇವೆಯೂ ನಿಲ್ಲಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಹುದ್ದೆಯಲ್ಲಿಯೂ ಅವರು ದುಡಿದರು. 1927ರಲ್ಲಿ ಅಲ್ಲಿ ಕನ್ನಡ ಎಂ.ಎ. ತರಗತಿಗಳು ಆರಂಭವಾದುದರ ಹಿಂದೆ ಅವರ ಪ್ರಯತ್ನವಿತ್ತು. ಅಲ್ಲಿಯ ಮೊದಲ ವಿದ್ಯಾರ್ಥಿಗಳಲ್ಲಿ ಕುವೆಂಪು, ಡಿ.ಎಲ್.ನರಸಿಂಹಾಚಾರ್ ಇದ್ದರು. ಮುಂದೆ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದಲ್ಲಿಯೂ ರಾವಣನ ಅಂತರಂಗದ ಪರಿವರ್ತನೆ ಒಂದು ಮುಖ್ಯ ವಸ್ತುವಾಯಿತು. 1928ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಶ್ರೀಯವರು ಅಧ್ಯಕ್ಷರಾದರು. 1930ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಂದರು. 1938ರಲ್ಲಿ ಮೈಸೂರು ಮಹಾರಾಜರು ಅವರಿಗೆ ‘ರಾಜಸೇವಾಸಕ್ತ’ ಬಿರುದನ್ನಿತ್ತು ಗೌರವಿಸಿದರು. ಅದೇ ವರ್ಷದಿಂದ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ‘ಕನ್ನಡ ನುಡಿ’ ಪತ್ರಿಕೆ, ಕನ್ನಡ ಪರೀಕ್ಷೆಗಳು ಮುಂತಾದ ಕಾರ್ಯಗಳ ಮೂಲಕ ಪರಿಷತ್ತಿಗೆ ಹೊಸ ಚೈತನ್ಯ ತಂದರು.

1942ರಲ್ಲಿ ನಿವೃತ್ತರಾದಾಗ ವಿಶ್ರಾಂತಿ ಪಡೆಯಬಹುದಾಗಿತ್ತು. ಆದರೆ 1944ರಲ್ಲಿ ಧಾರವಾಡದ ಕರ್ನಾಟಕ ಎಜುಕೇಶನ್ ಬೋರ್ಡಿನ ಹೊಸ ಕಲಾ ಕಾಲೇಜಿಗೆ ಪ್ರಾಂಶುಪಾಲರು ಬೇಕಾದಾಗ, ಅರವತ್ತು ತುಂಬಿದ ವಯಸ್ಸಿನಲ್ಲಿ ಅವರು ಹೊರಟರು. ಧಾರವಾಡ ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ ಊರು. ಮೈಸೂರಿನವರಿಗೆ ಅದು ಬೇರೆ ಸರ್ಕಾರದ ನಾಡು. ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಆ ಕಾಲದಲ್ಲಿ ಈ ಪಯಣವೇ ಏಕೀಕರಣದ ಒಂದು ನಡೆಯಾಗಿತ್ತು. ತರುಣ ಉಪನ್ಯಾಸಕನಾಗಿ ಕನ್ನಡದ ಪರವಾಗಿ ದನಿಯೆತ್ತಿದ ಊರಿನಲ್ಲಿಯೇ, 1946ರ ಜನವರಿ 5ರಂದು, ಅರವತ್ತೆರಡು ತುಂಬಿದ ಎರಡೇ ದಿನಗಳಲ್ಲಿ ಅವರು ಕೊನೆಯುಸಿರೆಳೆದರು. 1979ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಬಿ.ಎಂ.ಶ್ರೀ ಸ್ಮಾರಕ ಪ್ರತಿಷ್ಠಾನ ಅವರ ಹೆಸರನ್ನು ಹೊತ್ತು ನಿಂತಿದೆ.

ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ರಾಮಾಯಣ ಮಹಾಭಾರತಗಳ ಕಥೆಯನ್ನು ಮಕ್ಕಳಿಗೆ ಇಂದಿಗೂ ಹೇಳುತ್ತೇವೆ. ಒಳ್ಳೆಯವನು ಗೆದ್ದ, ಕೆಟ್ಟವನು ಸತ್ತ ಎಂದು ಬೇಗ ಮುಗಿಸುವುದು ಸುಲಭ. ತಪ್ಪೆಂದು ತಿಳಿದ ಮೇಲೂ ರಾವಣ ಸೀತೆಯನ್ನು ಏಕೆ ಕಳುಹಿಸಲಿಲ್ಲವೆಂದು ಒಂದು ಮಗು ಕೇಳಿದರೆ ಕಥೆಯನ್ನು ಅಲ್ಲಿ ನಿಲ್ಲಿಸಬೇಕು. ನಾಲ್ಕು ಜನ ಏನೆಂದಾರೋ ಎಂಬ ಅಂಜಿಕೆಯಿಂದ ತಿದ್ದಿಕೊಳ್ಳದೆ ಬಿಟ್ಟ ತಪ್ಪು ನಮ್ಮ ನಿಮ್ಮ ಬಾಳಿನಲ್ಲಿಯೂ ಒಂದಿಲ್ಲೊಂದು ಇದ್ದೇ ಇರುತ್ತದೆ. ಪಾಪವನ್ನು ಮನ್ನಿಸದೆಯೂ ಪಾಪಿಯನ್ನು ಅರಿಯಬಹುದೆಂದು ಕನ್ನಡಿಗರಿಗೆ ತೋರಿಸಿಕೊಟ್ಟ ಆಚಾರ್ಯರಿಗೆ ನಾವು ಸಲ್ಲಿಸಬಹುದಾದ ಗೌರವವೆಂದರೆ, ಆ ಪ್ರಶ್ನೆಗೆ ಮಗುವಿನೊಡನೆ ಕುಳಿತು ಪ್ರಾಮಾಣಿಕವಾಗಿ ಉತ್ತರ ಹುಡುಕುವುದು.